ಕೈಯಲ್ಲಿ ಕಂಡದ್ದು

ಬಳೆಗಾರ ಕುತುಬುದ್ದೀನನಿಗೆ ಸಿಟ್ಟು ಬಂದದ್ದನ್ನು ಲಕ್ಷ್ಮೇಶ್ವರದ ಬಜಾರ ಅದುವರೆಗೆ ಕಂಡಿರಲಿಲ್ಲ. ಅರವತ್ತೆರಡು ವರ್ಷದ ಮನುಷ್ಯ. ಐದು ಹೊತ್ತಿನ ನಮಾಜು ತಪ್ಪಿಸಿದವನಲ್ಲ. ಸೋಮೇಶ್ವರನ ಗುಡಿಯ ಮುಂದೆ ಹಾಯುವಾಗಲೂ, ಹೆಗಲ ಮೇಲಿನ ಹೊರೆ ಸರಿಮಾಡಿಕೊಳ್ಳುವ ನೆವದಿಂದ ಒಂದು ಗಳಿಗೆ ನಿಂತೇ ಮುಂದೆ ಹೋಗುವವನು. ಬಳೆಗಳನ್ನು ಸರಗಳಾಗಿ ಪೋಣಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದ ಆ ಹೊರೆಗೆ ಮಲಾರವೆನ್ನುತ್ತಾರೆ. ಅಪ್ಪ ಹೊತ್ತದ್ದನ್ನೇ ಮಗನೂ ಹೊತ್ತಿದ್ದ. ಹೊರಿಸುವ ದಿನ ಅಪ್ಪ ಹೇಳಿದ್ದು ಎರಡೇ ಮಾತು: "ಕೈ ನೋಡು, ಮಾರಿ ನೋಡಬ್ಯಾಡ. ಕೈಯಾಗ ಕಂಡದ್ದನ್ನ ಆ ಮನಿ ಹೊಸ್ತಿಲದ ಆಚೆ ಒಯ್ಯಬ್ಯಾಡ."

ನಲವತ್ತು ವರ್ಷದಲ್ಲಿ ಅವನು ಹಿಡಿದ ಕೈಗಳಿಗೆ ಲೆಕ್ಕವಿಲ್ಲ. ಕೈ ಎಲ್ಲವನ್ನೂ ಹೇಳುತ್ತದೆ. ಗಂಡ ತಿರುವಿದ ಮಣಿಕಟ್ಟು ಯಾವುದು, ಒಲೆಗೆ ತಾಗಿ ಸುಟ್ಟದ್ದು ಯಾವುದು, ಬೇಕೆಂದೇ ಸುಟ್ಟದ್ದು ಯಾವುದು, ಅವನಿಗೆ ತಿಳಿಯುತ್ತಿತ್ತು. ತಿಳಿದದ್ದನ್ನು ಅಲ್ಲಾಹನ ಮುಂದೆ ಇಟ್ಟು ಸುಮ್ಮನಾಗುತ್ತಿದ್ದ. ಅದಕ್ಕೇ ಪರಗಂಡಸನ್ನು ಪಡಸಾಲೆ ದಾಟಗೊಡದ ಮನೆಗಳಲ್ಲೂ ಹೆಣ್ಣುಮಕ್ಕಳು ಅವನ ಮುಂದೆ ಕೂತು ಕೈ ಚಾಚುತ್ತಿದ್ದರು.

ಬಸದಿಯ ಹಿಂದಿನ ಓಣಿಯ ಮೂಕಪ್ಪನ ಮನೆಗೆ ಸೀಮಾ ಸೊಸೆಯಾಗಿ ಬಂದು ವರ್ಷವಾಗಿತ್ತು. ಡೋಣಿ ಎಂಬ ಹಳ್ಳಿಯ ಹುಡುಗಿ. ಗಂಡ ವಿಶಾಲ ಲಾರಿ ಓಡಿಸುತ್ತ ತಿಂಗಳಿಗೆ ಇಪ್ಪತ್ತು ದಿನ ಊರಲ್ಲಿರುತ್ತಿರಲಿಲ್ಲ. ಮೇಲಿಂದ ಮೇಲೆ ಬಳೆ ತೊಡಿಸಿಕೊಳ್ಳಲು ಅವಳು ಬಳೆಗಾರನ ಮನೆಗೇ ಬರುತ್ತಿದ್ದಳು. ಪ್ರತಿಸಲವೂ ಎಡಗೈಯ ಬಳೆಗಳೇ ಒಡೆದಿರುತ್ತಿದ್ದವು. ಮಣಿಕಟ್ಟಿನಲ್ಲಿ ಗಾಜು ಹೊಕ್ಕ ಗಾಯ, ಅಂಗೈಯಲ್ಲಿ ತನ್ನದೇ ಉಗುರು ಊರಿದ ನಾಲ್ಕು ಗುರುತು. ಮೂರನೆಯ ಸಲ ಕುತುಬುದ್ದೀನ ತಲೆ ಎತ್ತದೆ ಕೇಳಿದ್ದ:

"ಬೀಳ್ತಿಯೇನವಾ, ಮಗಳ?"

ಅವಳು ಬಾಗಿಲ ಕಡೆ ಒಮ್ಮೆ ನೋಡಿ, "ಹೂಂ ಕಾಕಾ. ಫಿಟ್ಸ್ ಬರತಾವ. ಸಣ್ಣಾಕಿದ್ದಾಗಿಂದ. ನಮ್ಮ ಯಜಮಾನ್ರಿಗೆ ಗೊತ್ತೈತಿ. ಮಾವಾರಿಗೆ ಹೇಳಬ್ಯಾಡ, ಹೊರಗ ಹಾಕ್ತಾರ ಅಂದಾರ," ಎಂದಿದ್ದಳು.

"ಗಾಜು ಬ್ಯಾಡ ಹಂಗಾರ. ಮೆಟಲ್ ಬಳಿ ಕೊಡ್ತೀನಿ, ಒಡಿಯಂಗಿಲ್ಲ."

"ಗಾಜಿನ ಬಳಿ ಇಲ್ಲಂದ್ರ ಅತ್ತಿ ಯಾಕಂತ ಕೇಳ್ತಾಳಲ್ರಿ."

ಗುಟ್ಟು ಮುಚ್ಚಲಿಕ್ಕಾಗಿಯೇ ಕೈ ಕೊಯ್ಯುವ ಬಳೆ. ಕುತುಬುದ್ದೀನ ಮತ್ತೆ ಗಾಜನ್ನೇ ತೊಡಿಸಿದ್ದ.

ಸೀಮಾ ಬಸುರಾದ ಮೇಲೆ ಭಯ ಎರಡಾಯಿತು. ಗುಳಿಗೆ ತಿಂದರೆ ಕೂಸಿಗೆ ಏನಾದೀತು, ಬಿಟ್ಟರೆ ತನಗೆ ಏನಾದೀತು? ಕುತುಬುದ್ದೀನನ ಮಗಳು ಸಾಯಿಮಾ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಫಿಟ್ಸ್ ರೋಗಕ್ಕೆಂದೇ ಇರುವ ದೂರದ ಊರಿನ ದವಾಖಾನೆಯೊಂದನ್ನು ಫೋನಿನಲ್ಲಿ ಹುಡುಕಿದಳು. ಅಲ್ಲಿಯ ಡಾಕ್ಟರಮ್ಮ ವಾರಕ್ಕೊಮ್ಮೆ ಫೋನಿನ ಪರದೆಯಲ್ಲಿ ಮುಖ ನೋಡಿಕೊಂಡು ಮಾತಾಡಿ, ಹಳೆಯ ಗುಳಿಗೆ ಬದಲಿಸಿ, ಅದನ್ನು ಒಂದು ಹೊತ್ತೂ ತಪ್ಪಿಸಬಾರದೆಂದು ಹೇಳಿದ್ದರು. ಸೀಮಾಳ ಬಳಿ ಇದ್ದದ್ದು ಬಟನ್ ಫೋನು. ಹೀಗಾಗಿ ಸಂತೆಯ ದಿನ ಮೂರು ಗಂಟೆಗೆ, ಬಳೆಯ ನೆವದಿಂದ ಬಳೆಗಾರನ ಒಳಕೋಣೆಯಲ್ಲಿ ಕೂತು ಸಾಯಿಮಾಳ ಫೋನಿನಲ್ಲಿ ಮಾತಾಡುತ್ತಿದ್ದಳು. "ಇಲ್ಲಿ ಆಡಿದ್ದು ಇಲ್ಲೇ ಇರತೈತಿ, ನನ್ನ ಜವಾಬ್ದಾರಿ," ಎಂದು ಮೊದಲ ದಿನವೇ ಕುತುಬುದ್ದೀನ ಮಾತು ಕೊಟ್ಟಿದ್ದ.

ಎರಡು ತಿಂಗಳು ಕಳೆಯಿತು. ಸಂತೆಗೆ ಇನ್ನೂ ಐದು ದಿನವಿದ್ದಾಗ ಹುಲಗಪ್ಪನ ಚಹಾದಂಗಡಿಯಲ್ಲಿ ಆ ಮಾತು ಬಂತು.

ಆಡಿದವನು ಇಜಾಜ, ಕುತುಬುದ್ದೀನನ ಅಣ್ಣನ ಮಗ. ಹದಿನಾರರಿಂದ ಇಪ್ಪತ್ತರವರೆಗೆ ಚಾಚಾನ ಜೋಡಿ ಮಲಾರ ಹೊತ್ತು ತಿರುಗಿದವನು. ಈಗ ಓಣಿಯ ಅರವತ್ತು ಮನೆಗಳಿಗೆ ಇಂಟರ್ನೆಟ್ಟಿನ ಲೈನು ಎಳೆದು ಕೊಟ್ಟಿದ್ದ. ಬಜಾರದಲ್ಲಿ ಗಾಜಿನ ಬಾಗಿಲಿನ ಅಂಗಡಿ, ತಿರುಗುವ ಕುರ್ಚಿ.

"ಏನ್ ಚಾಚಾ, ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲ?" ಎಂದ, ಬಸಿಯಿಂದ ಚಹಾ ಹೀರುತ್ತ.

"ಅಲ್ಲಾಹನ ದಯಾ. ಯಾಕಲೇ?"

"ಅಲ್ಲ, ಸಂತಿ ದಿನಾ ಮೂರು ಗಂಟೆ ಆತಂದ್ರ ನಿಮ್ಮ ಲೈನಿನ್ಯಾಗ ಫಿಟ್ಸ್ ದವಾಖಾನಿ ತೆರೀತೈತಿ. ತಪ್ಪಿದ್ದ ಇಲ್ಲ! ಸಾಯಿಮಾಗ ಏನರ... ವರಾ ನೋಡಾಕ ಹತ್ತೀರಂತಲ್ಲ, ಅದಕ್ಕ ಕಾಳಜಿಯಿಂದ ಕೇಳಿದೆ."

ಬೆಂಚಿನ ಮೇಲೆ ಕೂತವರು ನಕ್ಕರು. ಕುತುಬುದ್ದೀನನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದವನು ಬೆಂಚಿನ ಆ ತುದಿಯಲ್ಲಿದ್ದ ಮೂಕಪ್ಪ. ಬಾಯಿಗೆ ಒಯ್ದ ಬಸಿ ಅಲ್ಲೇ ನಿಂತಿತು. "ಸಂತಿ ದಿನಾ... ಮೂರು ಗಂಟೆಕ್ಕ..." ಎಂದು ತನ್ನಷ್ಟಕ್ಕೆ ಅಂದುಕೊಂಡ. ಸಂತೆಯ ದಿನ ಮೂರು ಗಂಟೆಗೆ ಬಳೆಗಾರನ ಮನೆಗೆ ಹೋಗುವವಳು ಯಾರೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅರ್ಧ ಚಹಾ ಬಿಟ್ಟು ಎದ್ದು ಹೋದ. ಅವನ ಬೆನ್ನು ನೋಡಿದಾಗಲೇ ಕುತುಬುದ್ದೀನನಿಗೂ ಅರ್ಥವಾಯಿತು.

ಮನೆಗೆ ಬಂದವನೇ ಮಗಳ ಮುಂದೆ ಕೂತ.

"ಇಜಾಜ ನಮ್ಮ ಮಾತು ಕೇಳ್ತಾನೇನು?"

"ಮಾತು ಕೇಳಂಗಿಲ್ಲ ಅಬ್ಬಾ. ಡಾಕ್ಟರ ಏನಂದ್ರು, ಸೀಮಾ ಏನಂದ್ಲು, ಅದು ಕಾಣಂಗಿಲ್ಲ. ಎಲ್ಲಿಗೆ ಹೋದ್ವಿ, ಎಷ್ಟೊತ್ತಿಗೆ ಹೋದ್ವಿ, ಅಷ್ಟ ಕಾಣತೈತಿ. ಎಲ್ಲಾ ಅವನ ಡಬ್ಬಿ ಹಾಯ್ದು ಹೋಗಬೇಕಲ್ಲ."

"ಮನಿ ಮುರಿಯಾಕ ಅಷ್ಟ ಸಾಕು!" ಕುತುಬುದ್ದೀನ ನೆಲಕ್ಕೆ ಅಂಗೈ ಬಡಿದ. "ಇದಕ್ಕ ಮುಚ್ಚಿಗಿ ಇಲ್ಲೇನು?"

"ಐತಿ. ವಿಪಿಎನ್ ಅಂತಾರ. ನಮ್ಮ ಫೋನಿಂದ ಹೊಂಟಿದ್ದೆಲ್ಲಾ ಮುಚ್ಚಿಕೊಂಡು ಮೊದಲ ಆ ವಿಪಿಎನ್ ಕಂಪನಿ ಕಂಪ್ಯೂಟರಿಗೆ ಹೋಗತೈತಿ, ಅಲ್ಲಿಂದ ದವಾಖಾನಿಗೆ. ಇಜಾಜಗ ಕಾಣೂದು ಕಂಪನಿ ಹೆಸರೊಂದ. ಅದರಾಚೆ ಎಲ್ಲಿಗೆ ಹೋದ್ವಿ ಅಂತ ಅವಗ ತಿಳಿಯಂಗಿಲ್ಲ."

"ಮಲಾರಕ್ಕ ಬಟ್ಟಿ ಸುತ್ತಿದಂಗ."

"ಹೂಂ, ಹಂಗ."

ಬಳೆಗಾರ ಒಂದು ಗಳಿಗೆ ಯೋಚಿಸಿದ. "ಮತ್ತ ಆ ಕಂಪನಿಯಾಂವ? ಅವನ ಕಣ್ಣಿಗೆ ಏನು ಕಟ್ತೀ?"

ಸಾಯಿಮಾಳಿಗೆ ಆ ಹೊತ್ತಿನಲ್ಲೂ ನಗು ಬಂತು. "ಅದನ್ನ ಎಲ್ಲಾರೂ ಕೇಳಂಗಿಲ್ಲ ನೋಡು ಅಬ್ಬಾ. ಬಿಟ್ಟಿ ಸಿಗೋವು ಭಾಳ ಅದಾವ. ಅದರಾಗ ಕೆಲವು ನಾವು ಹೋದ ಹಾದಿ ಬರಕೊಂಡು ಮಾರತಾವ. ಏನೂ ಬರಕೊಳ್ಳಂಗಿಲ್ಲ ಅಂತ ಹೇಳಿ, ಹೊರಗಿನವರ ಕಡಿಂದ ತಪಾಸ ಮಾಡಿಸಿದವೂ ಅದಾವ. ಅಂಥಾದು ನೋಡಿ ಹಾಕ್ತೀನಿ. ಆದರೂ ಕಡೀಕ ಯಾರನ್ನರ ನಂಬಾಕ ಬೇಕು."

"ಮೊದಲ ಯಾಕ ಹಾಕಿರ್ಲಿಲ್ಲ ಹಂಗಾರ?"

ಮಗಳು ಮೆಲ್ಲಗೆ, "ಲೈನು ಇಜಾಜನ ಕಡಿಂದನ ತಗೊಳ್ಳೂಣು, ಮನೀ ಹುಡುಗ, ಮಲಾರ ಹೊತ್ತಾಂವ ಅಂತ ನೀನ ಅಂದಿದ್ದಿಲ್ಲೇನು ಅಬ್ಬಾ?" ಎಂದಳು.

ಆ ಸಂಜೆಯೇ ವಿಪಿಎನ್ ಬಂತು. ಸೀಮಾ ಬರಲಿಲ್ಲ. ಮರುದಿನವೂ ಸುದ್ದಿಯಿಲ್ಲ, ಅವಳ ಫೋನೂ ಬಂದ್. ಸಂತೆಯ ಹಿಂದಿನ ಸಂಜೆ ನೀರಿನ ಟ್ಯಾಂಕಿನ ಬಳಿ ಸಿಕ್ಕ ಅವರ ಪಕ್ಕದ ಮನೆಯವಳು ಹೇಳಿದ ಮೇಲೆ ಸಂಗತಿ ತಿಳಿಯಿತು: ಮೂಕಪ್ಪ ಸೊಸೆಯ ಗುಳಿಗೆಗಳನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದಾನೆ, ವಿಶಾಲ ಬಂದ ಕೂಡಲೇ ಅವಳನ್ನು ಡೋಣಿಗೆ ಕಳಿಸುತ್ತಾನಂತೆ.

ಐದು ದಿನ. ಪ್ರತಿ ನಮಾಜಿನಲ್ಲೂ ಹಣೆ ನೆಲಕ್ಕೆ ಹಚ್ಚಿದಾಗ ಕುತುಬುದ್ದೀನನಿಗೆ ಕಂಡದ್ದು ಉಗುರು ಊರಿದ ಒಂದು ಅಂಗೈ.

ಸಂತೆಯ ದಿನ ಮೂರಕ್ಕೆ ಸಾಯಿಮಾ ಫೋನು ಹಚ್ಚಿದಳು, ಸೀಮಾ ಇಲ್ಲದಿದ್ದರೂ ಡಾಕ್ಟರಮ್ಮನನ್ನು ಕೇಳಿಯಾದರೂ ನೋಡೋಣವೆಂದು. ಲೈನು ಸತ್ತಿತ್ತು. ಕೊನೆಗೆ ಫೋನಿನ ಸ್ವಂತ ಡೇಟಾದಲ್ಲೇ ಮಾತಾಡಿದಳು. ಡಾಕ್ಟರಮ್ಮ ಹೇಳಿದ್ದು ಇಷ್ಟೇ: ಹೀಗೆ ಒಮ್ಮಿಂದೊಮ್ಮೆಲೇ ಗುಳಿಗೆ ನಿಲ್ಲಿಸಿದರೆ ತಾಯಿಗೂ ಕೂಸಿಗೂ ಅಪಾಯ, ಇವತ್ತೇ ಶುರುಮಾಡಿಸಿರಿ, ಆಸ್ಪತ್ರೆಗೆ ತೋರಿಸಿರಿ.

ಕುತುಬುದ್ದೀನ ಮಲಾರ ಹೆಗಲಿಗೇರಿಸಿ ಹೊರಟ. ದಾರಿಯಲ್ಲಿ ಗಾಜಿನ ಬಾಗಿಲಿನ ಅಂಗಡಿ ಬಂತು.

"ಲೈನ್ ಯಾಕ ಕಿತ್ತೀ?"

ಇಜಾಜ ಕುರ್ಚಿಯಲ್ಲೇ ತಿರುಗಿದ. "ಚಾಚಾ, ಬರ್ರಿ, ಕುಂಡ್ರಿ. ನಿಮ್ಮ ಮನ್ಯಾಗ ವಿಪಿಎನ್ ಹಾಕ್ಯಾರ. ಅದು ಕಳ್ಳರು ಹಾಕ್ಕೊಳ್ಳೂದು. ನಾಳೆ ಏನರ ಆದ್ರ ಪೊಲೀಸರು ಹಿಡಿಯೂದು ನನ್ನ. ಸಾಫ್ ಇದ್ದ ಮನಿಗೆ ಪರದಿ ಯಾಕ ಬೇಕು?"

"ನಿಮ್ಮ ಬಚ್ಚಲಕ್ಕ ಬಾಗಲಾ ಯಾಕ ಹಚ್ಚಿಸೀ?"

"ಅಂದ್ರ?"

"ಒಳಗ ಕಳುವು ಮಾಡ್ತಿಯೇನು, ಚಿಲಕಾ ಹಾಕ್ಕೊಂಡು?"

ಸಂತೆಯ ಜನ ಒಬ್ಬೊಬ್ಬರಾಗಿ ನಿಂತರು. ಹುಲಗಪ್ಪ ಕೆಟ್ಲಿ ಹಿಡಿದವನು ಹಾಗೇ ಬಂದ. ಇಜಾಜನ ಮುಖ ಕೆಂಪಾಯಿತು.

"ಚಾಚಾ, ಸಿಟ್ಟಾಗಬ್ಯಾಡ್ರಿ. ನಾ ಯಾರ ಮಾತೂ ಕೇಳಿಲ್ಲ, ಏನೂ ತೆರದು ನೋಡಿಲ್ಲ. ಹೆಸರು ಬರತೈತಿ, ಕಣ್ಣಿಗೆ ಬೀಳತೈತಿ. ಕಾಣೋದನ್ನ ಕಾಣಬ್ಯಾಡ ಅಂದ್ರ ಹೆಂಗ?"

"ನನಗ ಕಾಣಂಗಿಲ್ಲೇನಲೇ!" ಕುತುಬುದ್ದೀನನ ದನಿ ಬಜಾರದ ಆ ತುದಿಗೆ ಕೇಳಿತು. "ನಲವತ್ತು ವರ್ಷ ಈ ಊರಿನ ಹೆಣ್ಣುಮಕ್ಕಳ ಕೈ ಹಿಡದೀನಿ. ಇಲ್ಲಿ ನಿಂತಾರಲ್ಲ ಗಂಡಸರು, ಒಬ್ಬೊಬ್ಬರ ಮನಿ ಕೈಯಾಗ ಏನೇನು ಕಂಡೀನಿ ಹೇಳಲೇನು? ಈಗ ಹೇಳಲೇನು?"

ನಿಂತವರಲ್ಲಿ ಇಬ್ಬರು ಸುಮ್ಮನೆ ಅಲ್ಲಿಂದ ಸರಿದರು.

"ಕಂಡದ್ದು ತಪ್ಪಲ್ಲ. ಕಂಡದ್ದನ್ನ ಚಹಾಕ್ಕ ಅದ್ದಿಕೊಂಡು ತಿಂದಿ ನೋಡು, ಅದು ತಪ್ಪು. ನೀ ಯಾಂವೋ ಪರಕೀ ಆಗಿದ್ರ ಗೊತ್ತಿಲ್ಲ ಅಂತ ಬಿಡ್ತಿದ್ದೆ. ನಾಕು ವರ್ಷ ನನ್ನ ಮಗ್ಗಲಾಗ ಕುಂತು ಕಲ್ತಾಂವ ನೀ. ಮನಿ ಅಗಸ್ಯಾಗ ನಿಂತು ಬಳೀ ಅಂತ ಕೂಗಿ, ಒಳಗಿನವರು ಸೆರಗು ಸರಿಮಾಡಿಕೊಂಡು ಹೂಂ ಅನ್ನೂತನಕ ಹೊಸ್ತಿಲ ತುಳೀತಿದ್ದಿಲ್ಲ ನಾವು. ಈಗ ಅರವತ್ತು ಮನಿ ಒಳಗ ಕೂಗದ ಹೋಗಿ ಕುಂತೀಯಲ್ಲೋ!"

"ಫಿಟ್ಸ್ ಇದ್ದಾಕಿ ಸಾಯಿಮಾ ಅಲ್ಲಂದಮ್ಯಾಲ ನಿಮಗ್ಯಾಕ ಇಷ್ಟು..." ಎಂದ ಇಜಾಜ.

ಕುತುಬುದ್ದೀನ ಕೈ ಎತ್ತಿದ. ಹೊಡೆಯಲಿಲ್ಲ. ಆ ಕೈಯಿಂದ ಹೆಗಲ ಮೇಲಿನ ಗಂಟನ್ನು ಬಿಗಿಹಿಡಿದು, ಹಿಂದಿರುಗಿ ನೋಡದೆ ಬಸದಿಯ ಓಣಿಗೆ ತಿರುಗಿದ.

ಮೂಕಪ್ಪನ ಮನೆಯ ಮುಂದೆ ನಿಂತು ಕೂಗಿದ: "ಬಳಿ ಬೇಕೇನ್ರೀ, ಬಳೀ..." ಸಿಟ್ಟಿನಿಂದ ದನಿ ಒಡೆದಿತ್ತು.

ಮೂಕಪ್ಪನೇ ಹೊರಬಂದ. "ಬಳಿನೂ ಬ್ಯಾಡ, ನೀನೂ ಬ್ಯಾಡ. ನನ್ನ ಮನಿ ಮರ್ಯಾದಿ ನಿನ್ನ ಮನ್ಯಾಗ ಮಾರಿದ್ದು ಸಾಲ್ಲಿಲ್ಲೇನು? ಊರಿಗೆಲ್ಲಾ ಗೊತ್ತಾಗಿ ಆಮ್ಯಾಲ ನನಗ ಗೊತ್ತಾಗಬೇಕಾ?"

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಕುತುಬುದ್ದೀನ ತಲೆ ತಗ್ಗಿಸಿದ. ಆದರೆ ಹೆಜ್ಜೆ ಹಿಂದೆ ಇಡಲಿಲ್ಲ. ಆಗ ಒಳಗಿನಿಂದ ದುರಗವ್ವನ ದನಿ ಬಂತು. ಮೂಕಪ್ಪನ ಹೆಂಡತಿ, ಸೀಮಾಳ ಅತ್ತೆ.

"ಬಸುರಿ ಇದ್ದ ಮನ್ಯಾಗ ಬಳಿಗಾರನ್ನ ಹೊಸ್ತಿಲದಿಂದ ಹೊಳ್ಳಿ ಕಳಸ್ತಾರೇನು? ಬುದ್ಧಿ ಎಲ್ಲಿಟ್ಟೀ? ಬಾ ಬಳಿಗಾರಣ್ಣಾ, ಒಳಗ ಬಾ."

ಅದು ಈ ಕಡೆಯ ಪದ್ಧತಿ. ಬಸುರಿಯ ಮನೆಗೆ ಬಂದ ಮಲಾರ ಬಿಚ್ಚದೆ ಹೋಗಬಾರದು. ಮೂಕಪ್ಪ ಹಲ್ಲು ಕಚ್ಚಿ ಪಕ್ಕಕ್ಕೆ ಸರಿದ.

ಪಡಸಾಲೆಯ ಕಂಬಕ್ಕೆ ಒರಗಿ ಸೀಮಾ ಕೂತಿದ್ದಳು. ಐದು ತಿಂಗಳ ಹೊಟ್ಟೆ. ಕುತುಬುದ್ದೀನ ಎದುರಿಗೆ ಕೂತು, ಅಭ್ಯಾಸದಂತೆ ಮುಖ ನೋಡದೆ ಕೈ ತೆಗೆದುಕೊಂಡ. ಎಡಗೈ ಬೋಳಾಗಿತ್ತು. ಮಣಿಕಟ್ಟಿನ ಗಾಯ ಇನ್ನೂ ಹಸಿ. ಹಣೆಯ ಬಳಿಯೂ ಏನೋ ಊದಿದಂತೆ ಕಣ್ಣಂಚಿಗೆ ಕಂಡಿತು.

"ಯಾವಾಗ?"

"ಇವತ್ತ ಮುಂಜಾನಿ." ದನಿ ಕೇಳಿಸದಷ್ಟು ಸಣ್ಣದು.

ಹೇಳಿಬಿಡಬೇಕೆಂದು ಅವನ ನಾಲಿಗೆ ತುದಿಗೆ ಬಂತು. ಗುಳಿಗೆ ಕೊಡ್ರಿ, ಕೊಡದಿದ್ದರೆ ಎರಡು ಜೀವ ಹೋಗುತ್ತವೆ ಎಂದು ಈ ಮೂಕಪ್ಪನ ಎದೆಯಂಗಿ ಹಿಡಿದು ಒದರಬೇಕು. ಆದರೆ ಅದು ಅವನ ಮಾತಾಗಿರಲಿಲ್ಲ. ಯಾರದೋ ಮಾತನ್ನು ಯಾರೋ ಆಡಿದ್ದರಿಂದಲೇ ಇಷ್ಟೆಲ್ಲ ಆಗಿತ್ತು. ನಲವತ್ತು ವರ್ಷದಲ್ಲಿ ಮೊದಲ ಸಲ ಅವನು ತಲೆ ಎತ್ತಿ, ಬಳೆ ತೊಡುವವಳ ಮುಖ ನೋಡಿದ.

"ಮಗಳ, ನಿನ್ನ ಮಾತು ಐತಿ ನನ್ನ ಕಡೆ. ಆಡಲೇನು? ನೀ ಬ್ಯಾಡ ಅಂದ್ರ ಆಡಂಗಿಲ್ಲ."

ಸೀಮಾ ಅವನನ್ನೇ ನೋಡಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ, ಬೆಂಕಿಯಿತ್ತು.

"ಬ್ಯಾಡ ಕಾಕಾ. ನಾನ ಆಡ್ತೀನಿ."

ಮಾವನ ಕಡೆ ತಿರುಗಿದಳು. "ಹೂಂ ಮಾವಾರ, ನನಗ ಫಿಟ್ಸ್ ಅದಾವ. ಇದನ್ನ ನಾ ನಿಮಗ ಹೇಳಬೇಕಿತ್ತು, ಹೇಳಲಿಲ್ಲ, ತಪ್ಪು ನಂದ. ಅದಕ್ಕ ನೀವು ಬೈರಿ, ಬೈಸ್ಕೋತೀನಿ. ಆದ್ರ ಚಾದ ಅಂಗಡ್ಯಾಗ ಯಾಂವೋ ನಕ್ಕೋತ ಅಂದದ್ದನ್ನ ಕೇಳಿಕೊಂಡು ಬಂದು, ಒಂದ ಮಾತು ನನ್ನ ಕೇಳದ ಗುಳಿಗಿ ಕಸಗೊಂಡ್ರಿ. ನಾ ಸತ್ರ ಅವನ್ನ ಕೇಳ್ತೀರೇನು? ನಿಮ್ಮ ಮೊಮ್ಮಗ ಸತ್ರ ಅವನ್ನ ಕೇಳ್ತೀರೇನು?"

ಮೂಕಪ್ಪ ಬಾಯಿ ತೆರೆದ. ದುರಗವ್ವ ಅವನನ್ನು ಮಾತಾಡಗೊಡಲಿಲ್ಲ. ಒಳಗೆ ಹೋಗಿ ಒಂದು ಹಳೆಯ ಬಿಸ್ಕೀಟಿನ ಡಬ್ಬಿ ತಂದು, ಗಂಡನ ಮುಂದೆ ಬೋರಲು ಹಾಕಿದಳು. ಹಸಿರು, ಕೆಂಪು, ನೀಲಿ ಬಳೆಚೂರುಗಳು ಗಲಗಲನೆ ನೆಲದ ತುಂಬ ಹರಡಿದವು.

"ಈ ಮನಿ ಕಸ ಹೊಡಿಯಾಕಿ ನಾನು. ನನಗ ಗೊತ್ತಿಲ್ಲೇನು? ಮೂಲ್ಯಾಗ, ಹಾಸಿಗಿ ಬುಡಕ, ಬಚ್ಚಲದಾಗ ಸಿಕ್ಕದ್ದು ಎಲ್ಲಾ ಇದರಾಗ ಹಾಕಿಟ್ಟೀನಿ. ಅಕಿ ಬಾಯಿಂದ ಬರ್ಲಿ ಅಂತ ವರ್ಷ ಕಾದೀನಿ. ಬರಾಕ ಹತ್ತಿತ್ತು ಮಾತು, ಕುಬಸಾ ಮಾಡಿ ಉಡಿ ತುಂಬೂ ಹೊತ್ತಿಗೆ ಬರ್ತಿತ್ತು. ಅಷ್ಟರಾಗ ಆ ಹಲ್ಕಟ್ ನಡುವ ಬಂದು ಕಸಗೊಂಡು ಹೋದ. ನನ್ನ ಸೊಸಿ ನನ್ನ ಮುಂದ ಕುಂತು ಹೇಳೋ ಮಾತು ಅದು! ನನ್ನ ಮಾತು ಕಳುವಾತು, ನಿನಗ ಮರ್ಯಾದಿ ಚಿಂತಿ. ಕೊಡು ಕೀಲಿ."

"ಅಲ್ಲ, ಕೂಸಿಗೆ ಗುಳಿಗಿ ಬಾಧಿ ಆಗತಾವೇನೋ ಅಂತ ನಾ..."

"ಕೀಲಿ!"

ಮೂಕಪ್ಪ ಉಡಿದಾರದಿಂದ ಕೀಲಿ ಬಿಚ್ಚಿ ಕೊಟ್ಟ. ಕೊಟ್ಟವನು ಕಟ್ಟೆಯ ಮೇಲೆ ಕೂತು ಮುಖ ಒರೆಸಿಕೊಂಡ. ಚಹಾದಂಗಡಿಯಲ್ಲಿ ಎದ್ದಾಗಿನಿಂದ ಅವನು ಸರಿಯಾಗಿ ಕೂತದ್ದು ಅದೇ ಮೊದಲಿರಬೇಕು. ಸ್ವಲ್ಪ ಹೊತ್ತಿನ ಮೇಲೆ ಯಾರನ್ನೂ ನೋಡದೆ, "ಸರಕಾರಿ ದವಾಖಾನಿಗೆ ಆಟೋ ಹೇಳಿ ಬರ್ತೀನಿ," ಎಂದು ಚಪ್ಪಲಿ ಮೆಟ್ಟಿದ.

ಸೀಮಾ ಗುಳಿಗೆ ನುಂಗಿ ನೀರು ಕುಡಿದ ಮೇಲೆ ಕುತುಬುದ್ದೀನ ಮಲಾರ ಬಿಚ್ಚಿದ. ಗಾಜಿನ ಸರಗಳನ್ನು ಪಕ್ಕಕ್ಕಿಟ್ಟು ಹಸಿರು ಬಣ್ಣದ ಮೆಟಲ್ ಬಳೆಗಳನ್ನು ತೆಗೆದ. ಗಾಯ ತಾಗದಂತೆ, ಒಂದೊಂದಾಗಿ, ಎರಡೂ ಕೈಗೆ ತೊಡಿಸಿದ. ದುರಗವ್ವ ನೋಡಿದಳು, ಗಾಜು ಯಾಕಿಲ್ಲ ಎಂದು ಕೇಳಲಿಲ್ಲ.

"ಬಳಿಗಾರಣ್ಣಾ, ಇನ್ನ ಮ್ಯಾಲ ಡಾಕ್ಟರ ಜೋಡಿ ಇಲ್ಲೇ ಕುಂತು ಮಾತಾಡ್ಲಿ, ನನ್ನ ಫೋನಿನ್ಯಾಗ. ನಿನ್ನ ಮಗಳು ಅದೇನೋ ಮುಚ್ಚಿಗಿ ಹಾಕ್ಯಾಳಂತ ಬಜಾರದ ಮಂದಿ ಆಗಲೇ ಓಣಿತುಂಬ ಹೇಳಾಕ ಹತ್ಯಾರ, ಅದನ್ನ ಇದಕ್ಕೂ ಹಾಕಂತ ಹೇಳು."

ಚಪ್ಪಲಿ ಮೆಟ್ಟಿಯೂ ಹೊಸ್ತಿಲಲ್ಲೇ ನಿಂತಿದ್ದ ಮೂಕಪ್ಪ ತಿರುಗಿದ. "ಇನ್ನೇನು ಮುಚ್ಚೂದೈತಿ? ಊರಿಗೆಲ್ಲಾ ಗೊತ್ತಾತು."

"ಊರಿಗೆ ಗೊತ್ತಾತಂತ ಮನಿ ಬಾಗಲಾ ಕಿತ್ತು ಒಗೀತಿಯೇನು? ಹೋಗು, ಆಟೋ ತಗೊಂಡ ಬಾ."

ಹೊರಬಂದಾಗ ಇಳಿಹೊತ್ತಿನ ಅಸರ್ ನಮಾಜಿನ ವೇಳೆಯಾಗಿತ್ತು. ಓಣಿಯ ತಿರುವಿನಲ್ಲಿ ಇಜಾಜ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದ. ಮುಖ ಬಾಡಿತ್ತು. "ಚಾಚಾ, ಲೈನ್ ಜೋಡಿಸೀನಿ. ವಿಪಿಎನ್ನೂ ಇರ್ಲಿ, ನಾ ಏನೂ ಅನ್ನಂಗಿಲ್ಲ. ಮಂದಿ ಮುಂದ ಬೈದ್ರಿ, ಮುಗೀತಲ್ಲ?"

"ನಿನ್ನ ವಾಯರು ಸುತ್ತಿಕೊಂಡು ಹೋಗು," ಎಂದ ಕುತುಬುದ್ದೀನ. "ಅರವತ್ತು ಮನಿ ಅದಾವಲ್ಲ, ಒಂದೊಂದು ಮನಿ ಅಗಸ್ಯಾಗ ನಿಂತು ಹೇಳು, ನಿಮ್ಮ ಹಾದಿ ನನಗ ಕಾಣತೈತಿ ಅಂತ. ಮೊದಲ ಮೂಕಪ್ಪನ ಮನ್ಯಾಗ. ಅದನ್ನ ಹೇಳಿ ಬಂದ ಮ್ಯಾಲ ನನಗ ಚಾಚಾ ಅನ್ನು."

ಇಜಾಜ ಬೈಕಿನ ಮೇಲೆ ಕೂತೇ ಇದ್ದ. ಮೂಕಪ್ಪನ ಮನೆಯ ಕಡೆಗೂ ತಿರುಗಲಿಲ್ಲ, ಅಂಗಡಿಯ ಕಡೆಗೂ ಹೋಗಲಿಲ್ಲ.

ಮಸೀದಿಯ ಗೋಡೆಗೆ ಮಲಾರ ಒರಗಿಸಿ ಬಳೆಗಾರ ಒಳಗೆ ಹೋದ. ನಮಾಜು ಮುಗಿಸಿ ದುವಾ ಬೇಡಲು ಕೈ ಚಾಚಿದ. ಎಂದಿನಂತೆ ಮನೆಯವರ ಹೆಸರು ಒಂದೊಂದಾಗಿ ಬಂದವು. ಬಸದಿಯ ಓಣಿಯವಳಿಗಾಗಿ ಕೇಳಿಕೊಂಡಾಗ ಹೆಸರು ಹೇಳಲಿಲ್ಲ. ಪಕ್ಕದಲ್ಲಿ ಜನ ಕೂತಿದ್ದರು, ಹೇಳದೆಯೂ ಅಲ್ಲಾಹನಿಗೆ ತಿಳಿದಿತ್ತು. ಆಮೇಲೆ ಅಣ್ಣನ ಮಗನ ಸರದಿ ಬಂತು. ಇಪ್ಪತ್ತೆಂಟು ವರ್ಷದಿಂದ ಆಡಿದ ಹೆಸರು. ನಾಲಿಗೆ ಏಳಲಿಲ್ಲ. ಇನ್ನಷ್ಟು ಹೊತ್ತು ಕೈ ಚಾಚಿಯೇ ಕೂತ. ಆ ಹೆಸರು ಬರಲೇ ಇಲ್ಲ.

ಕೈ ಮುಖಕ್ಕೆ ಸವರಿಕೊಂಡು ಎದ್ದು ಬಂದು, ಬಟ್ಟೆಯ ಗಂಟನ್ನು ಇನ್ನೊಮ್ಮೆ ಬಿಗಿದು, ಮಲಾರ ಹೆಗಲಿಗೇರಿಸಿದ.